ಗುಳಿಗೆ ನುಂಗಿಸಿದವರು ಯಾರು?

ಬರ್ಮಾದಲ್ಲಿ ಜಪಾನೀಯರನ್ನು ಸೋಲಿಸಿದ 14ನೇ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ಬರೆದ ‘ಡಿಫೀಟ್ ಇಂಟು ವಿಕ್ಟರಿ’ 1956ರಲ್ಲಿ ಪ್ರಕಟವಾಯಿತು. ಇಂಫಾಲದ ಕಾಳಗಕ್ಕಾಗಿ, ಐರಾವತಿ ನದಿ ದಾಟಿದ ಸಾಹಸಕ್ಕಾಗಿ ಅದನ್ನು ಓದುವವರೇ ಹೆಚ್ಚು. ಆದರೆ ಇಡೀ ಪುಸ್ತಕದಲ್ಲಿ ಇಂದಿಗೂ ಬೆಲೆ ಕಳೆದುಕೊಳ್ಳದಿರುವುದು ಸೈನಿಕರ ಆರೋಗ್ಯದ ಬಗ್ಗೆ ಆತ ಬರೆದ ಕೆಲವೇ ಪುಟಗಳು. ಸೊಳ್ಳೆಗೆ ಸೋಲುತ್ತಿದ್ದ ಸೇನೆ ಹೇಗೆ ಚೇತರಿಸಿಕೊಂಡಿತು ಎಂಬ ಲೆಕ್ಕ ಅಲ್ಲಿದೆ. ಆ ಲೆಕ್ಕ ಎಷ್ಟು ಸರಿ, ಬಿಟ್ಟುಹೋದದ್ದೇನು ಎಂದೂ ನೋಡಬೇಕು.

1943ರ ಅಕ್ಟೋಬರ್‌ನಲ್ಲಿ ಸ್ಲಿಮ್ ಅಧಿಕಾರ ವಹಿಸಿಕೊಂಡಾಗಿನ ಸ್ಥಿತಿ ಹೀಗಿತ್ತು: ಗಾಯಗೊಂಡ ಒಬ್ಬನನ್ನು ಆಸ್ಪತ್ರೆಗೆ ಸಾಗಿಸಿದರೆ, ಕಾಯಿಲೆ ಬಿದ್ದ 120 ಮಂದಿಯನ್ನು ಸಾಗಿಸಬೇಕಾಗುತ್ತಿತ್ತು. ಮಲೇರಿಯಾ ಒಂದೇ ವರ್ಷಕ್ಕೆ ಸೇನೆಯ ಒಟ್ಟು ಬಲದ ಶೇ 84ರ ಪ್ರಮಾಣದಲ್ಲಿತ್ತು. ಜ್ವರ ಬಂದವನನ್ನು ನೂರಾರು ಮೈಲಿ ದೂರದ ಭಾರತದ ಆಸ್ಪತ್ರೆಗೆ ಕಳಿಸಿದರೆ ಅವನು ತಿಂಗಳುಗಟ್ಟಲೆ ತನ್ನ ತುಕಡಿಗೆ ಮರಳುತ್ತಿರಲಿಲ್ಲ. ಮಲೇರಿಯಾದ ಮದ್ದಾಗಿ ಜಗತ್ತಿಗೆ ಬೇಕಾದ ಕ್ವಿನೈನ್‌ನ ಬಹುಪಾಲು ಬರುತ್ತಿದ್ದ ಜಾವಾ ದ್ವೀಪವೂ 1942ರಲ್ಲೇ ಜಪಾನಿನ ವಶವಾಗಿತ್ತು.

ಸ್ಲಿಮ್ ಹಿಡಿದ ದಾರಿಗಳು ನಾಲ್ಕು: ಹೊಸ ವೈದ್ಯಕೀಯ ಸಂಶೋಧನೆಯನ್ನು ತಡಮಾಡದೆ ಬಳಸುವುದು, ರೋಗಿಯನ್ನು ರಣರಂಗದ ಹಿಂಬದಿಯಲ್ಲೇ ಇಟ್ಟು ವಾಸಿಮಾಡುವುದು, ತೀರಾ ಗಂಭೀರವಾದವರನ್ನು ವಿಮಾನದಲ್ಲಿ ಸಾಗಿಸುವುದು, ಸೈನಿಕರಲ್ಲಿ ಸ್ಥೈರ್ಯ ತುಂಬುವುದು. ಇವುಗಳ ಜೊತೆಗೆ ದಿನನಿತ್ಯದ ಕಟ್ಟುಪಾಡುಗಳೂ ಇದ್ದವು. ಕತ್ತಲಾದ ಮೇಲೆ ಸ್ನಾನ ಕೂಡದು. ಸಂಜೆಯಾದರೆ ತೋಳು ಮಡಿಸುವಂತಿಲ್ಲ, ಚಡ್ಡಿ ಬಿಟ್ಟು ಉದ್ದ ಪ್ಯಾಂಟು ತೊಡಬೇಕು. ಕ್ವಿನೈನ್ ಬದಲಿಗೆ ಬಂದ ಮೆಪಾಕ್ರಿನ್ ಗುಳಿಗೆ ನುಂಗಬೇಕು.

ಈ ಗುಳಿಗೆಯದೇ ದೊಡ್ಡ ಕಥೆ. ಕಹಿ ಒಂದು ಕಡೆ, ತಿಂದವರ ಮೈ ಹಳದಿಗಟ್ಟುವುದು ಇನ್ನೊಂದು ಕಡೆ. ಅದರ ಮೇಲೆ ಗಂಡಸುತನ ಹೋಗುತ್ತದೆ ಎಂಬ ಗುಲ್ಲು ಬೇರೆ. ನುಂಗಿದಂತೆ ನಟಿಸಿ ಉಗುಳುವವರು ಇದ್ದೇ ಇರುತ್ತಿದ್ದರು. ಸ್ಲಿಮ್ ಉಗುಳಿದವನ ಬೆನ್ನು ಹತ್ತಲಿಲ್ಲ. ಮುನ್ಸೂಚನೆ ಕೊಡದೆ ಇಡೀ ತುಕಡಿಯನ್ನು ಪರೀಕ್ಷೆಗೆ ಒಳಪಡಿಸಿದ. ಗುಳಿಗೆ ಮೈಸೇರಿದವರ ಸಂಖ್ಯೆ ಶೇ 95ಕ್ಕಿಂತ ಕಡಿಮೆ ಕಂಡರೆ ಆ ತುಕಡಿಯ ಕಮಾಂಡಿಂಗ್ ಅಧಿಕಾರಿಯನ್ನೇ ಮನೆಗೆ ಕಳಿಸಿದ. ಮೂವರ ತಲೆದಂಡವಾದದ್ದೇ ತಡ, ಉಳಿದವರಿಗೆ ಸಂದೇಶ ಮುಟ್ಟಿತು. 1945ರ ಹೊತ್ತಿಗೆ ಕಾಯಿಲೆ ಬೀಳುವವರ ಪ್ರಮಾಣ ದಿನಕ್ಕೆ ಸಾವಿರಕ್ಕೆ ಒಬ್ಬರಿಗೆ ಇಳಿದಿತ್ತು.

ಇದನ್ನು ‘ಶಿಸ್ತಿನ ಗೆಲುವು’ ಎಂದು ಹೊಗಳುವುದು ವಾಡಿಕೆ. ಹಾಗೆಂದರೆ ಸ್ಲಿಮ್ ಮಾಡಿದ ಕೆಲಸದ ಹೊಸತನವೇ ಮರೆಯಾಗುತ್ತದೆ. ಸಿಪಾಯಿಗೆ ಶಿಸ್ತು ಹೇರುವುದು ಯಾವ ಸೇನೆಗೂ ಹೊಸದಲ್ಲ. ರೋಗಕ್ಕೆ ರೋಗಿಯನ್ನು ದೂರದೆ ಅವನ ಮೇಲಧಿಕಾರಿಯನ್ನು ಹೊಣೆ ಮಾಡಿದ್ದು ಹೊಸದು. ಇದರ ಬೆಲೆ ತಿಳಿಯಲು ಬೆಂಗಳೂರಿನ ದಂಡಿನ ಒಂದು ಹಳೆಯ ಪ್ರಸಂಗ ಸಾಕು. 1880ರ ದಶಕದಲ್ಲಿ ಇಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬರಿದು ಮಾಡಿಸಿದರು. ಸೊಳ್ಳೆ ಕಡಿಮೆಯಾದವು. ಅಧಿಕಾರಿಗಳ ಮೆಸ್ಸಿನಲ್ಲೂ ಹೀಗೇ ಮಾಡೋಣ ಎಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡುಹಿಡಿದರು. ಅಂದರೆ 1943ರ ಸೇನೆಗೆ ತಿಳಿವಳಿಕೆಯ ಬರ ಇರಲಿಲ್ಲ. ತಿಳಿದದ್ದನ್ನು ಮಾಡಿಸುವ ಅಧಿಕಾರಿಯ ಬರ ಇತ್ತು.

ಆದರೂ ಪುಸ್ತಕದ ಲೆಕ್ಕವನ್ನು ಪೂರ್ತಿ ಒಪ್ಪಲಾಗದು. ಮೊದಲನೆಯದಾಗಿ, ಮೆಪಾಕ್ರಿನ್ ಬರ್ಮಾದ ಕಾಡಿನಲ್ಲಿ ಹುಟ್ಟಿದ ಉಪಾಯವಲ್ಲ. ಅದನ್ನು ದಿನವೂ ತಪ್ಪದೆ ತೆಗೆದುಕೊಂಡರೆ ಮಲೇರಿಯಾ ತಡೆಯಬಹುದೆಂದು ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ನೀಲ್ ಹ್ಯಾಮಿಲ್ಟನ್ ಫೇರ್ಲಿ ತಂಡ ತೋರಿಸಿಕೊಟ್ಟಿತ್ತು. ಅದಕ್ಕಾಗಿ ಬೇಕೆಂದೇ ಸೋಂಕು ತಗುಲಿಸಿಕೊಂಡು ನರಳಿದವರು ಸ್ವಯಂಸೇವಕ ಸೈನಿಕರು. ಎರಡನೆಯದು, ಈ ಗುಳಿಗೆ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾವನ್ನು ಅದುಮಿಡುತ್ತಿತ್ತೇ ಹೊರತು ಬೇರುಸಹಿತ ಕೀಳುತ್ತಿರಲಿಲ್ಲ. ಗುಳಿಗೆ ನಿಲ್ಲಿಸಿದ ಮೇಲೆ ಜ್ವರ ಮರುಕಳಿಸುತ್ತಿತ್ತು. ದಂಡನಾಯಕನಿಗೆ ಬೇಕಾದದ್ದು ನಾಳೆಯ ಕಾಳಗಕ್ಕೆ ಎದ್ದು ನಿಲ್ಲಬಲ್ಲ ಆಳು. ಯುದ್ಧ ಮುಗಿಸಿ ಊರಿಗೆ ಮರಳಿದ ಮೇಲೆ ಅವನಿಗೆ ಬರುವ ಜ್ವರ ಆ ಲೆಕ್ಕದ ಪುಸ್ತಕದಲ್ಲಿಲ್ಲ. 14ನೇ ಸೇನೆಯ ಬಹುಪಾಲು ಸೈನಿಕರು ಭಾರತೀಯರು ಎಂಬುದನ್ನು ನೆನೆದರೆ ಇದು ಸಣ್ಣ ಲೋಪವಲ್ಲ.

ಮೂರನೆಯದು ಸ್ಕ್ರಬ್ ಟೈಫಸ್. ಇಲಿಗಳ ಮೈಮೇಲೆ, ಹುಲ್ಲು ಪೊದೆಗಳಲ್ಲಿ ಬದುಕುವ ನುಸಿಯ ಮರಿಗಳು ಕಚ್ಚಿದರೆ ಬರುವ ಜ್ವರ ಅದು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಆಗ ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. ಕ್ಲೋರಾಂಫೆನಿಕಾಲ್ ಮಲಯದಲ್ಲಿ ಪರೀಕ್ಷೆಗೊಂಡು ಗೆದ್ದದ್ದು 1948ರಲ್ಲಿ. ಅಲ್ಲಿಯವರೆಗೆ ಉಳಿದದ್ದು ಡೈಬ್ಯೂಟೈಲ್ ಥ್ಯಾಲೇಟ್ ಎಂಬ ದ್ರವವನ್ನು ಬಟ್ಟೆಗೆ ಸವರಿಕೊಳ್ಳುವುದು, ಬೀಡುಬಿಡುವ ಜಾಗದ ಪೊದೆ ಸವರುವುದು, ಬರಿ ನೆಲದ ಮೇಲೆ ಮಲಗದಿರುವುದು. ಶತ್ರುವಿನ ಗುಂಡಿಗೆ ಅಂಜಿ ಪೊದೆಯಲ್ಲೇ ಅಡಗಬೇಕಾದವನಿಗೆ ಇವುಗಳಲ್ಲಿ ಎಷ್ಟು ಸಾಧ್ಯ? ಪಾಲಿಸಲು ಆಗುವ ಆಜ್ಞೆ ಇದ್ದಲ್ಲಿ ಮಾತ್ರ ಶಿಸ್ತು ಗೆಲ್ಲುತ್ತದೆ.

ಈ ಮಾತು ನಮ್ಮ ಮಲೆನಾಡಿಗೂ ತಟ್ಟುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಇದನ್ನು ತಡೆಯಲು ಕಾಡಂಚಿನ ಜನರಿಗೆ ಮೊದಲು ಹಂಚುತ್ತಿದ್ದದ್ದು ಡಿಎಂಪಿ ತೈಲ. ಅದು ಎರಡನೇ ಮಹಾಯುದ್ಧದ ಸೈನಿಕರು ಕೀಟ ದೂರವಿಡಲು ಬಳಸಿದ ವಸ್ತುವೇ. ಈಚೆಗೆ ಹಂಚುತ್ತಿರುವ ಡೆಪಾ ತೈಲವನ್ನು ರೂಪಿಸಿದ್ದೂ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆ. ಹೀಗೆ ಸೇನೆಯ ಎಣ್ಣೆ ಊರಿಗೆ ಬಂತು, ಸೇನೆಯ ಹೊಣೆಗಾರಿಕೆ ಬರಲಿಲ್ಲ. ಕೊಟ್ಟಿಗೆಗೆ ದರಗು ತರಲು ಬೇಸಿಗೆಯಲ್ಲಿ ಗುಡ್ಡ ಹತ್ತುವ ಹೆಂಗಸಿನ ಕೈಗೆ ಬಾಟಲಿ ಕೊಟ್ಟು, ಮುಂದಿನದು ಅವಳ ಪಾಡು ಎನ್ನುವುದು ಸುಲಭ. ಬೆವರಿಗೆ ಎಣ್ಣೆ ಇಳಿದುಹೋಗುತ್ತದೆ, ಜಿಡ್ಡಿನ ಕೈಗೆ ಕತ್ತಿ ಜಾರುತ್ತದೆ. ಅವಳು ಹಚ್ಚಿಕೊಳ್ಳದಿದ್ದರೆ ಅದನ್ನು ಅಸಡ್ಡೆ ಎಂದು ಬರೆದುಕೊಳ್ಳುತ್ತೇವೆ. 2022ರಲ್ಲಿ ಹಳೆಯ ಲಸಿಕೆಯೂ ನಿಂತ ಮೇಲೆ ಈ ಎಣ್ಣೆಯ ಮೇಲಿನ ಭಾರ ಇನ್ನೂ ಹೆಚ್ಚಿದೆ.

ಊರಿನ ಜನರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಲು ಆಗದು, ಆಗಲೂಬಾರದು. ಅವರು ಸಿಪಾಯಿಗಳಲ್ಲ. ಆದರೆ ಸ್ಲಿಮ್ ತನ್ನ ಅಧಿಕಾರಿಗಳಿಗೆ ಹಾಕಿದ ಪ್ರಶ್ನೆಯನ್ನು ನಾವೂ ನಮ್ಮ ಅಧಿಕಾರಿಗಳಿಗೆ ಹಾಕಬಹುದು. ಎಷ್ಟು ಬಾಟಲಿ ಹಂಚಿದಿರಿ ಎಂದು ಕೇಳುವುದನ್ನು ಬಿಟ್ಟು, ಎಷ್ಟು ಜನ ಹಚ್ಚಿಕೊಂಡರು, ಹಚ್ಚಿಕೊಳ್ಳದವರು ಯಾಕೆ ಹಚ್ಚಿಕೊಳ್ಳಲಿಲ್ಲ ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ತಪ್ಪು ಹಚ್ಚಿಕೊಳ್ಳದವರದ್ದಲ್ಲ, ಹಂಚಿ ಸುಮ್ಮನಾದವರದ್ದು.