ಈಜೆಬೆಲಳ ಕಾಡಿಗೆ

ನಮ್ಮ ಚಿಕ್ಕಮ್ಮ ತುಟಿಗೆ ಬಣ್ಣ ಹಚ್ಚಿಕೊಂಡು ಚರ್ಚಿಗೆ ಬಂದದ್ದು ಒಂದೇ ಒಂದು ಸಲ. ಆ ಭಾನುವಾರದ ಪ್ರಸಂಗ ಜಾರತ್ವ ಮತ್ತು ವಿಗ್ರಹಾರಾಧನೆಯ ಮೇಲೆ. ಉಪದೇಶಕರು ಹೆಂಗಸರ ಸಾಲಿನ ಕಡೆ ತಿರುಗಿ, "ಈಜೆಬೆಲಳು ಇವತ್ತೂ ನಮ್ಮ ನಡುವೆ ಕೂತಿದ್ದಾಳೆ" ಎಂದರು. ಚಿಕ್ಕಮ್ಮ ಸೆರಗಿನಿಂದ ತುಟಿ ಒರೆಸಿಕೊಂಡದ್ದು ಪಕ್ಕದಲ್ಲಿದ್ದ ನನಗೆ ಕಂಡಿತು. ಆಮೇಲೆ ಎಷ್ಟೋ ವರ್ಷ ಅವಳು ಕ್ರಿಸ್‌ಮಸ್ಸಿಗೂ ಚರ್ಚಿಗೆ ಬರಲಿಲ್ಲ.

ಈ ಈಜೆಬೆಲ್ ಯಾರೆಂದು ನಾನು ಸರಿಯಾಗಿ ಓದಿದ್ದು ಎರಡು ಮಕ್ಕಳಾದ ಮೇಲೆ. ಬೈಬಲಿನ ಅರಸುಗಳ ಪುಸ್ತಕಗಳಲ್ಲಿ ಅವಳು ಚೀದೋನ್ಯರ ಅರಸನ ಮಗಳು, ಇಸ್ರಾಯೇಲಿನ ಅರಸ ಅಹಾಬನ ಹೆಂಡತಿ. ತವರಿನ ಬಾಳ್ ದೇವರನ್ನು ಬಿಡದವಳು, ಯೆಹೋವನ ಪ್ರವಾದಿಗಳನ್ನು ಕೊಲ್ಲಿಸಿದವಳು. ಅವಳು ಒಳ್ಳೆಯವಳೆಂದು ನಾನು ವಾದಿಸುವುದಿಲ್ಲ. ನಾಬೋತನೆಂಬವನ ದ್ರಾಕ್ಷಿತೋಟ ಅಹಾಬನಿಗೆ ಕಾಯಿಪಲ್ಲೆ ಬೆಳೆಯಲು ಬೇಕಾಯಿತು. ಪಿತ್ರಾರ್ಜಿತ ನೆಲ ಕೊಡುವುದಿಲ್ಲವೆಂದ ನಾಬೋತ. ಈಜೆಬೆಲಳು ಸುಳ್ಳುಸಾಕ್ಷಿ ಹೇಳಿಸಿ, ಅವನನ್ನು ಕಲ್ಲೆಸೆದು ಕೊಲ್ಲಿಸಿ, ತೋಟವನ್ನು ಗಂಡನ ಕೈಗೆ ಕೊಟ್ಟಳು. ಆದರೆ ಅವಳು ಪರಪುರುಷನ ಜೊತೆ ಹೋದಳೆಂಬ ಕಥೆ ಅಲ್ಲಿ ಎಲ್ಲೂ ಇಲ್ಲ. ಹಾದರದ ಮಾತು ಬರುವುದು ಅವಳನ್ನು ಕೊಲ್ಲಿಸಲು ಬಂದ ಯೇಹುವಿನ ಬಾಯಲ್ಲಿ. ಅವಳು ಕಣ್ಣಿಗೆ ಕಾಡಿಗೆ ಹಚ್ಚಿ, ತಲೆ ಸಿಂಗರಿಸಿಕೊಂಡು ಕಿಟಕಿಯಲ್ಲಿ ನಿಂತದ್ದು ಸಾಯುವ ಮುಂಚಿನ ಗಳಿಗೆಯಲ್ಲಿ. ಅಷ್ಟು ದೊಡ್ಡ ಕಥೆಯಲ್ಲಿ ನಮ್ಮ ಉಪದೇಶಕರ ಕಣ್ಣಿಗೆ ಬಿದ್ದದ್ದು ಆ ಕಾಡಿಗೆ ಒಂದೇ.

ಹೊಸ ಒಡಂಬಡಿಕೆಯ ಪ್ರಕಟನೆ ಪುಸ್ತಕದಲ್ಲಿ ಥುವತೈರದ ಸಭೆಯ ಒಬ್ಬ ಹೆಂಗಸನ್ನು ಇದೇ ಹೆಸರಿನಿಂದ ಕರೆದು ಬೈದಿದೆ. ಜಾರತ್ವ ಕಲಿಸುತ್ತಾಳೆ, ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಿಸುತ್ತಾಳೆ ಎಂಬುದು ದೂರು. ಈಗಿನ ಟರ್ಕಿಯಲ್ಲಿರುವ ಆ ಊರಿನಲ್ಲಿ ನೇಯುವವರ, ಬಣ್ಣ ಹಾಕುವವರ, ಕಂಚುಗಾರರ ಸಂಘಗಳಿದ್ದವು. ಸಂಘದ ಊಟವೆಂದರೆ ದೇವರ ಎಡೆಯೂ ಇರುತ್ತಿತ್ತು, ಹೋಗದವರ ವ್ಯಾಪಾರ ಕೆಡುತ್ತಿತ್ತು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. (ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯ ಸಜ್ಜಿಗೆ ಕೈಗೆ ಬಂದಾಗ ನಮ್ಮ ಮನೆಗಳಲ್ಲಿ ಈಗಲೂ ಇದೇ ಚರ್ಚೆ. ನಾನಂತೂ ತಿನ್ನುತ್ತೇನೆ.)

ಪ್ರವಾದಿಗಳ ಕಣ್ಣಿಗೆ, ಬೇರೆ ದೇವರ ಹಿಂದೆ ಹೋದ ಜನವೆಂದರೆ ಗಂಡನನ್ನು ಬಿಟ್ಟ ಹೆಂಡತಿ. ಹೋಶೇಯನು ತನ್ನ ಹೆಂಡತಿ ಗೋಮೆರಳನ್ನೇ ಇದಕ್ಕೆ ದೃಷ್ಟಾಂತ ಮಾಡಿದ. ಅವಳ ಬಟ್ಟೆ ಕಿತ್ತು ನಿಲ್ಲಿಸುವ ಬೆದರಿಕೆ ಎಷ್ಟು ಸಲ ಓದಿದರೂ ನನಗೆ ಒಗ್ಗಿಲ್ಲ. ಅವಳ ಮಾತನ್ನೂ ಗಂಡನ ಬಾಯಿಂದಲೇ ಕೇಳಬೇಕು. ಆದರೆ ಅದೇ ಪುಸ್ತಕದ 4ನೇ ಅಧ್ಯಾಯದಲ್ಲಿ ದೇವರು, ಹೆಣ್ಣುಮಕ್ಕಳು ಸೊಸೆಯಂದಿರು ದಾರಿ ತಪ್ಪಿದರೆ ಅವರನ್ನು ದಂಡಿಸುವುದಿಲ್ಲ, ಗಂಡಸರೇ ಸೂಳೆಯರ ಜೊತೆ ಹೋಗುತ್ತಿದ್ದಾರಲ್ಲ ಎನ್ನುತ್ತಾನೆ. ಈ ವಚನದ ಮೇಲೆ ಒಂದು ಪ್ರಸಂಗವನ್ನೂ ನಾನು ಇದುವರೆಗೆ ಕೇಳಿಲ್ಲ.

ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ ಜಾರತ್ವದ ಜೊತೆಗೇ ಲೋಭವನ್ನೂ ಸೇರಿಸಿ, ಲೋಭವೂ ವಿಗ್ರಹಾರಾಧನೆಯೇ ಎನ್ನುತ್ತದೆ. ವರದಕ್ಷಿಣೆಯನ್ನು ಕಾನೂನು ನಿಷೇಧಿಸಿದ್ದು 1961ರಲ್ಲಿ. ಚಿಕ್ಕಮ್ಮನ ಮದುವೆ ಆದದ್ದು ಅದಾದ ಎಷ್ಟೋ ವರ್ಷಕ್ಕೆ. ಆಗ ಅಜ್ಜ ಎರಡು ಎಕರೆ ಗದ್ದೆ ಮಾರಿದರು. ದುಡ್ಡು ಎಣಿಸಿಕೊಂಡವರು ಆ ಭಾನುವಾರ ಮುಂದಿನ ಬೆಂಚಿನಲ್ಲೇ ಕೂತಿದ್ದರು.

ಮೊನ್ನೆ ಚಿಕ್ಕಮ್ಮನಿಗೆ ಹೋಶೇಯನ ಆ ವಚನ ಓದಿ ಹೇಳಿದೆ. ಅವಳಿಗೆ ಈಗ ಕಣ್ಣು ಮಂಜು. "ಇನ್ನೊಂದು ಸಲ ಓದೇ" ಎಂದಳು. ಓದಿದೆ. ಆ ಪುಟದ ಮೂಲೆ ಮಡಚಿಡು ಎಂದು ಹೇಳಿ, ಕಾಫಿಗೆ ಇಡಲು ಎದ್ದು ಹೋದಳು.