ಊದುಕುಲುಮೆಗೆ ಪ್ಲಾಸ್ಟಿಕ್: ಯಾವುದಕ್ಕೆ ಹೋಲಿಸಿದರೆ ಕಡಿಮೆ?

ತ್ಯಾಜ್ಯ ಪ್ಲಾಸ್ಟಿಕ್ ಬಳಸಿ ಕಬ್ಬಿಣ ತಯಾರಿಸಿದರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ ಎಂದು ಜನಪ್ರಿಯ ವಿಜ್ಞಾನ ಲೇಖನಗಳು ಹೇಳುತ್ತವೆ. ಇದು ಸುಳ್ಳಲ್ಲ, ಆದರೆ ಅರ್ಧ ಮಾತು.

ಜಪಾನಿನ ಎನ್‌ಕೆಕೆ ಕಂಪನಿ 1996ರಲ್ಲಿ ತನ್ನ ಕೈಹಿನ್ ಸ್ಥಾವರದ ಊದುಕುಲುಮೆಗೆ ಪ್ಲಾಸ್ಟಿಕ್ ತುಣುಕುಗಳನ್ನು ಬಿಸಿಗಾಳಿಯೊಡನೆ ಊದತೊಡಗಿತು. (ಆ ಸ್ಥಾವರದಲ್ಲಿ ಕೊನೆಗೆ ಉಳಿದಿದ್ದ ಊದುಕುಲುಮೆ 2023ರ ಸೆಪ್ಟೆಂಬರಿನಲ್ಲಿ ಆರಿತು, ಅದಕ್ಕೆ ಕಾರಣ ಪ್ಲಾಸ್ಟಿಕ್ ಅಲ್ಲ.) ಸುಮಾರು 2000 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಪಾಲಿಎಥಿಲೀನ್ ಒಡೆದು ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೊಜನ್ ಉಂಟಾಗುತ್ತವೆ. ಇವೆರಡೂ ಅದಿರನ್ನು ಅಪಕರ್ಷಿಸಬಲ್ಲವು. ನಿಜವಾದ ಲಾಭ ಇಲ್ಲಿದೆ. ಕೋಕ್‌ನ ಒಂದು ಇಂಗಾಲ ಪರಮಾಣುವಿನಿಂದ ಒಂದು ಮಾನಾಕ್ಸೈಡ್ ಅಣು ದೊರೆತರೆ, ಪಾಲಿಎಥಿಲೀನಿನ ಒಂದು ಇಂಗಾಲ ಪರಮಾಣುವಿಗೆ ಅದರ ಜೊತೆ ಒಂದು ಹೈಡ್ರೊಜನ್ ಅಣುವೂ ದೊರೆಯುತ್ತದೆ. ಅದು ಅದಿರಿನ ಆಕ್ಸಿಜನ್ ಪಡೆದು ನೀರಾವಿಯಾಗುತ್ತದೆ. ಕಾಗದದ ಮೇಲೆ ಡೈಆಕ್ಸೈಡ್ ಅರ್ಧಕ್ಕಿಳಿಯಬೇಕು. ಕುಲುಮೆಯಲ್ಲಿ ಅಷ್ಟು ಇಳಿಯದು. ಪ್ಲಾಸ್ಟಿಕ್ ಒಡೆಯಲು ಶಾಖ ಬೇಕು, ಹೈಡ್ರೊಜನ್ನಿನ ಅಪಕರ್ಷಣ ಕ್ರಿಯೆಯೂ ಶಾಖ ಹೀರುತ್ತದೆ, ಸಾಕಷ್ಟು ಹೈಡ್ರೊಜನ್ ಬಳಕೆಯಾಗದೆ ಕುಲುಮೆಯ ಬಾಯಿಂದ ಹೊರಹೋಗುತ್ತದೆ. ಪಿವಿಸಿ ಇದ್ದರೆ ಅದರ ಕ್ಲೋರಿನ್ ಅನ್ನು ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ಹೈಡ್ರೊಜನ್ ಕ್ಲೋರೈಡ್ ಕೊಳವೆಗಳನ್ನು ತಿನ್ನುತ್ತದೆ.

ನನ್ನ ಮುಖ್ಯ ಆಕ್ಷೇಪ ಬೇರೆ. ಪ್ಲಾಸ್ಟಿಕ್ಕಿನ ಇಂಗಾಲವೂ ಬಹುಮಟ್ಟಿಗೆ ಪೆಟ್ರೋಲಿಯಂ, ನೈಸರ್ಗಿಕ ಅನಿಲಗಳಿಂದ ಬಂದದ್ದೇ. 1 ಕಿಲೋಗ್ರಾಂ ಪಾಲಿಎಥಿಲೀನ್ ಪೂರ್ಣ ಉತ್ಕರ್ಷಣಗೊಂಡರೆ ಸುಮಾರು 3.1 ಕಿಲೋಗ್ರಾಂ ಡೈಆಕ್ಸೈಡ್ ಬರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯಬೇಕೆ, ಬೇಡವೆ? ಜಪಾನಿನಲ್ಲಿ ಕಸ ಸುಡುವುದೇ ರೂಢಿ. ಹೇಗೂ ಸುಡಲಿದ್ದ ಪ್ಲಾಸ್ಟಿಕ್ಕನ್ನು ಕುಲುಮೆಗೆ ಹಾಕಿದರೆ ಮಿಗುವ ಕೋಕ್‌ನ ಡೈಆಕ್ಸೈಡ್ ಪೂರಾ ಉಳಿತಾಯ. ಕಸವನ್ನು ಹೂಳುವ ದೇಶದಲ್ಲಿ ಹಾಗಲ್ಲ. ಅಲ್ಲಿ ಮಣ್ಣಿನಡಿ ಬಹುಕಾಲ ಉಳಿಯುತ್ತಿದ್ದ ಇಂಗಾಲವನ್ನು ನಾವೇ ಅಗೆದು ಗಾಳಿಗೆ ಬಿಟ್ಟಂತೆ. ಉಳಿತಾಯವೆಂದರೆ ಹೈಡ್ರೊಜನ್ನಿನ ಪಾಲು ಮಾತ್ರ. ಕರಗಿಸಿ ಮತ್ತೆ ಬಕೆಟ್ ಮಾಡಬಹುದಾದ ಪ್ಲಾಸ್ಟಿಕ್ಕನ್ನೇ ಕುಲುಮೆಗೆ ಸುರಿದರಂತೂ ಹೊಸ ಬಕೆಟ್ಟಿಗೆ ಮತ್ತೆ ಪೆಟ್ರೋಲಿಯಂ ಬೇಕು. ತಂತ್ರಜ್ಞಾನ ಒಂದೇ, ಉತ್ತರ ಮೂರು. ಹೋಲಿಕೆಯ ಆಧಾರ ತಿಳಿಸದ ಶೇಕಡಾವಾರು ಅಂಕಿಗೆ ಭೌತವಿಜ್ಞಾನದಲ್ಲಿ ಅರ್ಥವಿಲ್ಲ.

ಇನ್ನೊಂದು ಗೊಂದಲವಿದೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ವೀಣಾ ಸಹಜ್ವಾಲಾ ಅವರ ಪ್ರಸಿದ್ಧ ವಿಧಾನವನ್ನೂ ಇದರೊಡನೆ ಬೆರೆಸುತ್ತಾರೆ. ಅದು ವಿದ್ಯುತ್ ಚಾಪ ಕುಲುಮೆಗೆ ಸಂಬಂಧಿಸಿದ್ದು. ಅಲ್ಲಿ ಮುಖ್ಯವಾಗಿ ಗುಜರಿ ಉಕ್ಕನ್ನು ಕರಗಿಸುತ್ತಾರೆ. ಹಳೆಯ ಟೈರು, ಪ್ಲಾಸ್ಟಿಕ್ಕುಗಳು ಕಿಟ್ಟವನ್ನು ನೊರೆಯೇಳಿಸಲು ಊದುವ ಕೋಕ್‌ನ ಒಂದು ಭಾಗದ ಬದಲಿಗೆ ಬರುತ್ತವೆ. ಒಳ್ಳೆಯ ಕೆಲಸವೇ, ಆದರೆ ಅದಿರಿನಿಂದ ಕಬ್ಬಿಣ ತೆಗೆಯುವ ಲೆಕ್ಕ ಅದಲ್ಲ. ಊದುಕುಲುಮೆಯಲ್ಲಿ ಕೋಕ್ ಇಂಧನ ಮಾತ್ರವಲ್ಲ, ಮೇಲಿನ ಅದಿರಿನ ಭಾರ ಹೊತ್ತು ಅನಿಲಕ್ಕೆ ದಾರಿ ಬಿಡುವ ಗಟ್ಟಿ ಹಾಸು. ಆ ಕೆಲಸವನ್ನು ಕರಗುವ ಪ್ಲಾಸ್ಟಿಕ್ ಮಾಡಲಾರದು.