ನುಂಗುವಿಕೆಯ ಪರೀಕ್ಷೆ: ಅಲ್ಟ್ರಾಸೌಂಡ್ ಕಾಣುವುದೆಷ್ಟು?

ನಡುಕದ ಕಾಯಿಲೆಯನ್ನು 1817ರಲ್ಲಿ ವರ್ಣಿಸಿದ ಜೇಮ್ಸ್ ಪಾರ್ಕಿನ್‌ಸನ್, ನುಂಗುವ ತೊಂದರೆಯನ್ನೂ ಗುರುತಿಸಿದ್ದರು. ಇದರ ಪತ್ತೆಗೆ ಎಕ್ಸ್-ಕಿರಣ ಚಲನಚಿತ್ರದ ಬದಲು ಅಲ್ಟ್ರಾಸೌಂಡ್ ಸಾಕೆಂಬ ವಾದವನ್ನು ಭೌತವಿಜ್ಞಾನದ ಒರೆಗೆ ಹಚ್ಚಬೇಕು.

ಅಲ್ಟ್ರಾಸೌಂಡಿನಲ್ಲಿ ವಿಕಿರಣದ ಭಯವಿಲ್ಲ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆವೃತ್ತಿ 5 ಮೆಗಾಹರ್ಟ್ಸ್ ಆದರೆ ತರಂಗದೂರ ಸುಮಾರು 0.3 ಮಿಲಿಮೀಟರ್. ಆದ್ದರಿಂದ ನಾಲಿಗೆಯ ಚಲನೆ, ಗಂಟಲಿನ ಹಯಾಯ್ಡ್ ಮೂಳೆಯ ಏರಿಳಿತಗಳನ್ನು ಚೆನ್ನಾಗಿ ಅಳೆಯಬಹುದು. ಆದರೆ ಅಂಗಾಂಶ ಮತ್ತು ಗಾಳಿ ಸಂಧಿಸುವಲ್ಲಿ ಶೇಕಡ 99ಕ್ಕೂ ಹೆಚ್ಚು ಶಬ್ದಶಕ್ತಿ ಪ್ರತಿಫಲಿಸುತ್ತದೆ. ಶ್ವಾಸನಾಳದಲ್ಲಿರುವುದು ಗಾಳಿಯೇ! ಅಲ್ಲಿಗೆ ಜಾರಿದ ಗಂಜಿ ಕಾಣದೆ ಹೋಗಬಹುದು. ಈ ರೋಗಿಗಳಲ್ಲಿ ಕೆಲವರಿಗೆ ಆಗ ಕೆಮ್ಮೂ ಬಾರದು. ಮುಂದೆ ನ್ಯುಮೋನಿಯಾ ಆದೀತು.

'ಮನೆಗೇ ಒಯ್ಯಬಹುದು' ಎಂಬ ಹೆಗ್ಗಳಿಕೆಯೂ ನಮ್ಮಲ್ಲಿ ನಿಲ್ಲದು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯ ನಿಯಮಗಳು ಸಾಮಾನ್ಯವಾಗಿ ಯಂತ್ರವನ್ನು ನೋಂದಾಯಿತ ಸ್ಥಳಕ್ಕೆ ಕಟ್ಟಿಹಾಕಿವೆ. ಹಲಸೂರಿನ ವೃದ್ಧರು ಶಿವಾಜಿನಗರದ ಆಸ್ಪತ್ರೆಯವರೆಗೆ ಹೋಗಲೇಬೇಕು. ಹೋದ ಮೇಲೆ, ಅನುಮಾನವಿದ್ದಲ್ಲಿ ಎಕ್ಸ್-ಕಿರಣದ ಅಥವಾ ಮೂಗಿನ ಮೂಲಕ ಇಳಿಸುವ ಅಂತರ್ದರ್ಶಕದ ಪರೀಕ್ಷೆಯನ್ನು ಬಿಡಬಾರದು. ಅಲ್ಟ್ರಾಸೌಂಡ್ ಅವುಗಳ ಜೊತೆಗಾರ, ಬದಲಿಯಲ್ಲ.